ಎಷ್ಟು ಎಕ್ರೆಗೆ ಎಷ್ಟು ಹೆಚ್‌ಪಿ

ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗಿ ನೋಡುವವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಯಾರ್ಯಾರ ಮೇಲೆ ಸಂಶಯಪಟ್ಟೆ ಎಂದು ಬರೆಯುವಾಗ ಓದುವವರು ನನ್ನ ಮೇಲೆಯೂ ಸ್ವಲ್ಪ ಸಂಶಯ ಇಟ್ಟುಕೊಳ್ಳಲಿ. ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ನಿವೃತ್ತಿಯವರೆಗೆ ಗಣಿತ ಕಲಿಸಿದವಳು ನಾನು. ಉತ್ತರ ಸರಿ ಬಂದರೆ ಸಾಲದು, ಹೇಗೆ ಬಂತೆಂದು ತೋರಿಸು ಎಂದು ಮಕ್ಕಳ ಜೀವ ತಿಂದವಳು. ಆ ಚಾಳಿ ಶಾಲೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ.

ನಿವೃತ್ತಿಯ ನಂತರ ನಾರಾವಿಯ ಹತ್ತಿರದ ನಮ್ಮ ಮನೆಗೆ ಬಂದು ನಿಂತೆ. ಮದುವೆಯಾಗಿಲ್ಲ. ನೋಡಲು ಬಂದ ಗಂಡುಗಳನ್ನು ನಾನು ವಿಚಾರಿಸಿದ ರೀತಿಗೆ ಅವರು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋದರು ಎಂದು ಅಮ್ಮ ಬದುಕಿರುವವರೆಗೂ ಹೇಳುತ್ತಿದ್ದರು. ಆಗ ಮನೆಯಲ್ಲಿದ್ದದ್ದು ಮೂವರು: ನಾನು, ನನ್ನ ತಮ್ಮ, ತಮ್ಮನ ಹೆಂಡತಿ. ಅವರಿಗೆ ಮಕ್ಕಳಿಲ್ಲ. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ, ಮೂವರೂ ಒಟ್ಟಿಗೇ ಕೂರುತ್ತಿದ್ದೆವು. ನನ್ನ ಲೆಕ್ಕದಲ್ಲಿ ಅದು ಜಗಳವಿಲ್ಲದ ಮನೆ.

ಜಾಗ ಒಟ್ಟು ಐದು ಎಕ್ರೆ. ಮನೆಯ ಹಿಂದೆ ಗೇರುಮರಗಳ ಗುಡ್ಡೆ ಒಂದು ಎಕ್ರೆ. ಮುಂದೆ ಇಳಿಜಾರಿನಲ್ಲಿ ಎರಡೂವರೆ ಎಕ್ರೆ ಅಡಿಕೆ ತೋಟ. ತೋಟ ದಾಟಿದರೆ ತೋಡಿನವರೆಗೆ, ಎಂದರೆ ಸಣ್ಣ ಹಳ್ಳದವರೆಗೆ, ಒಂದೂವರೆ ಎಕ್ರೆ ಗದ್ದೆ. ಎಲ್ಲವೂ ನಮ್ಮಿಬ್ಬರ ಹೆಸರಿನಲ್ಲಿ ಜಂಟಿ. ತೋಟ ತಮ್ಮನ ಸುಪರ್ದಿ, ಗದ್ದೆ ನನ್ನದು. ಹಾಗೆಂದು ಬರೆದುಕೊಂಡದ್ದಲ್ಲ, ನಡೆದು ಬಂದದ್ದು. ಸುತ್ತಲಿನವರೆಲ್ಲ ತಮ್ಮ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಸಸಿ ನೆಟ್ಟು ಕೈತೊಳೆದುಕೊಂಡಿದ್ದಾರೆ. ಭತ್ತ ಬೆಳೆಯುತ್ತಿದ್ದದ್ದು ನಾನೊಬ್ಬಳೇ. ಇದರಲ್ಲಿ ಲಾಭ ಉಂಟಾ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಶಾಲೆ ಬಿಟ್ಟ ಮೇಲೆ ಬೆಳಿಗ್ಗೆ ಎದ್ದು ಹೋಗಲಿಕ್ಕೆ ನನಗೊಂದು ಸ್ಥಳ ಅಂತ ಇದ್ದರೆ ಅದು ಆ ಗದ್ದೆ. ಅದು ಕೈಬಿಟ್ಟರೆ ಮತ್ತೆ ನಾನು ತಮ್ಮನ ಮನೆಯಲ್ಲಿ ಕೂತು ಉಣ್ಣುವ ಅಕ್ಕ, ಅಷ್ಟೇ.

ಉಳುಮೆಗೆ ಬಾಡಿಗೆ ಟ್ರ್ಯಾಕ್ಟರಿನವನೊಬ್ಬನಿದ್ದ. ಯಾವಾಗ ಫೋನು ಮಾಡಿದರೂ “ನಾಳೆ ಬರ್ತೇನೆ ಟೀಚರೇ” ಎನ್ನುವವನು. ಕಳೆದ ಮಳೆಗಾಲದಲ್ಲಿ ಅವನ ನಾಳೆಗೆ ಕಾದು ಕಾದು ನನ್ನ ನೇಜಿ, ಎಂದರೆ ನಾಟಿಗೆಂದು ಬೆಳೆಸಿದ ಭತ್ತದ ಸಸಿ, ಮಡಿಯಲ್ಲೇ ಬಲಿತುಹೋಯಿತು. ಅವನು ಬೇಕೆಂದೇ ಸತಾಯಿಸುತ್ತಾನೆ, ನಾನು ಗದ್ದೆ ಬಿಟ್ಟರೆ ಅವನಿಗೆ ಕೆಸರಿನ ಕೆಲಸ ಒಂದು ಕಡಿಮೆಯಾಗುತ್ತದೆ ಎಂದು ನನ್ನ ಸಂಶಯ. ಮಳೆ ನಿಂತು ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿದೆ, “ನಮ್ಮದೇ ಒಂದು ಮಿನಿ ಟ್ರ್ಯಾಕ್ಟರ್ ತೆಗೊಳ್ಳುವ.”

“ತೆಗೊಳ್ಳುವ ಅಕ್ಕ” ಎಂದ ತಮ್ಮ.

ಒಂದೇ ಮಾತಿಗೆ. ಈ ತಮ್ಮ ಬಾವಿಗೆ ಹೊಸ ಹಗ್ಗ ತರುವುದಕ್ಕೂ ತಿಂಗಳುಗಟ್ಟಲೆ ಯೋಚಿಸುವವನು. ಅವನ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಸಣ್ಣದು ಸಾಕು ನಮಗೆ” ಎಂದು ಅವನು ಸೇರಿಸಿದ. “ಹದಿನೆಂಟು ಹೆಚ್‌ಪಿಯದ್ದು ಬರ್ತದೆ. ತೋಟದ ಸಾಲಿನೊಳಗೆ ಆರಾಮ ಹೋಗ್ತದೆ.” ಹೆಚ್‌ಪಿಯ ಲೆಕ್ಕ ಅವನ ಬಾಯಲ್ಲಿ ಸಿದ್ಧವಾಗಿತ್ತು. ನಾನು ಮಾತೆತ್ತುವ ಮೊದಲೇ ಅವನು ಎಲ್ಲೋ ವಿಚಾರಿಸಿಕೊಂಡು ಬಂದಿದ್ದಾನೆ ಎಂದು ನನಗೆ ಅಲ್ಲೇ ಗೊತ್ತಾಯಿತು.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಶೋರೂಮು. ಇಬ್ಬರೂ ಹೋದೆವು. ಅಲ್ಲಿನ ಸೇಲ್ಸಿನ ಹುಡುಗ ಎಂದರೆ ಹುಡುಗನೇನಲ್ಲ, ನಲವತ್ತರ ಮೇಲಿನವನು, ಆದರೆ ಅಂಗಿ ಹುಡುಗರದ್ದು. ನಮ್ಮನ್ನು ಕೂರಿಸಿ, ಫ್ಯಾನು ಹಾಕಿ, ಮೊದಲ ಪ್ರಶ್ನೆ ಕೇಳಿದ.

“ಜಾಗ ಎಷ್ಟು ಉಂಟು?”

“ಐದು ಎಕ್ರೆ” ಎಂದೆ ನಾನು.

“ಎರಡೂವರೆ” ಎಂದ ತಮ್ಮ.

ಎರಡು ಉತ್ತರವೂ ಒಟ್ಟಿಗೇ ಹೊರಬಂತು. ಅವನು ನಮ್ಮಿಬ್ಬರನ್ನೂ ನೋಡಿ ನಕ್ಕ. “ಯಾವುದನ್ನು ಹಿಡಿಯುವ?”

ತಮ್ಮನ ಕಿವಿ ಕೆಂಪಾಯಿತು. ಚಿಕ್ಕಂದಿನಿಂದಲೂ ಅವನದ್ದು ಹಾಗೆಯೇ, ಸುಳ್ಳು ಹೇಳಿದರೆ ಬಾಯಿಗಿಂತ ಮೊದಲು ಕಿವಿ ಒಪ್ಪಿಕೊಳ್ಳುತ್ತದೆ. “ಅಂದ್ರೆ ಅಕ್ಕ, ಟ್ರ್ಯಾಕ್ಟರ್ ಓಡಾಡುವ ಜಾಗ ಹೇಳಿದ್ದು. ಗುಡ್ಡೆಗೆಲ್ಲ ಹೋಗ್ಲಿಕ್ಕುಂಟಾ?” ಎಂದ.

ನನ್ನ ತಲೆ ಲೆಕ್ಕಕ್ಕೆ ಇಳಿಯಿತು. ಐದರಲ್ಲಿ ಗುಡ್ಡೆಯ ಒಂದು ಕಳೆದರೆ ನಾಲ್ಕು. ಎರಡೂವರೆ ಹೇಗೆ ಬಂತು? ಎರಡೂವರೆ ಎಂದರೆ ತೋಟ ಮಾತ್ರ. ಹಾಗಾದರೆ ಗದ್ದೆ ಎಲ್ಲಿ ಹೋಯಿತು? ಒಂದೂವರೆ ಎಕ್ರೆ ಗದ್ದೆಯನ್ನು ಇವನು ಲೆಕ್ಕದಿಂದ ತೆಗೆದಿದ್ದಾನೆ. ಮನುಷ್ಯನ ಮನಸ್ಸಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ತಿಳಿಯಬೇಕಾದರೆ ಅವನು ಎಷ್ಟು ದೊಡ್ಡ ಟ್ರ್ಯಾಕ್ಟರ್ ಕೇಳುತ್ತಾನೆ ಎಂದು ನೋಡಿದರೆ ಸಾಕು ಎಂದು ನನಗೆ ಆ ಫ್ಯಾನಿನ ಕೆಳಗೆ ಹೊಳೆಯಿತು.

ಸೇಲ್ಸಿನವನು ಐದು ಎಕ್ರೆಯ ಕಡೆಗೆ ತಿರುಗಲೇ ಇಲ್ಲ. “ನಿಮಗೆ ಹದಿನೆಂಟು ಧಾರಾಳ ಆಯ್ತು ಮೇಡಂ. ದೊಡ್ಡದೆಲ್ಲ ವೇಸ್ಟ್” ಎಂದ. ನನಗೆ ಇನ್ನಷ್ಟು ಕಸಿವಿಸಿಯಾಯಿತು. ದೊಡ್ಡದನ್ನು ದಾಟಿಸಲೆಂದೇ ಸಂಬಳ ತೆಗೆದುಕೊಳ್ಳುವವನು ಸಣ್ಣದು ಸಾಕು ಎನ್ನುತ್ತಾನೆಂದರೆ ಒಳಗೊಳಗೆ ಏನೋ ಮಾತಾಗಿದೆ. ಅವನು ತಮ್ಮನಿಗೆ ಕೊಟ್ಟ ಶೇಕ್‌ಹ್ಯಾಂಡ್ ಮೊದಲ ಸಲ ನೋಡಿದವರದ್ದಾಗಿರಲಿಲ್ಲ. ಬರುವ ದಾರಿಯಲ್ಲಿ ತಮ್ಮ ಎಂದೂ ಇಲ್ಲದವನು ಬೊಂಡ ಕುಡಿಯುವನಾ ಅಕ್ಕ ಎಂದು ಗಾಡಿ ನಿಲ್ಲಿಸಿದ. ಎಳನೀರು ಕುಡಿದೆ. ಅದೂ ರುಚಿಸಲಿಲ್ಲ.

ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಒಂದೇ ದಿಕ್ಕನ್ನು ತೋರಿಸಿತು. ಪ್ರತಿವರ್ಷ ಭತ್ತ ಕೊಯ್ದ ಗದ್ದೆಗೆ ಉದ್ದು ಹಾಕುತ್ತಿದ್ದೆವು. ಆ ವರ್ಷ ಬೀಜ ತರುತ್ತೇನೆಂದ ತಮ್ಮ, ಸಿಗಲಿಲ್ಲ ಎಂದು ಕೈಬೀಸಿಕೊಂಡು ಬಂದಿದ್ದ. ಬೆಳ್ತಂಗಡಿಯ ಪೇಟೆಯಲ್ಲಿ ಉದ್ದಿನ ಬೀಜ ಸಿಗಲಿಲ್ಲವಂತೆ, ನಾನು ನಂಬಬೇಕಂತೆ. ಅವನ ಹೆಂಡತಿಯ ತವರು ಪೊಳಲಿಯ ಹತ್ತಿರ. ವರ್ಷಕ್ಕೊಮ್ಮೆ ಹೋಗುತ್ತಿದ್ದವಳು ಈಗ ಮತ್ತೆ ಮತ್ತೆ ಹೋಗತೊಡಗಿದ್ದಳು, ಹೋಗುವಾಗ ಚೀಲ ಉಬ್ಬಿರುತ್ತಿತ್ತು, ಬರುವಾಗ ಬಡಕಲಾಗಿರುತ್ತಿತ್ತು. ಆ ಕಡೆ ಜಾಗ ಮಾರಿಸಿಕೊಡುವ ಸಂಬಂಧಿಕನೊಬ್ಬ ಇದ್ದಾನೆಂದು ಅವಳೇ ಯಾವಾಗಲೋ ಹೇಳಿದ್ದಳು. ಇಷ್ಟಾದ ಮೇಲೆ ಗದ್ದೆ ಮಾರುವ ಮಾತುಕತೆ ನಡೆದಿದೆ ಎಂದು ತೀರ್ಮಾನಿಸಲು ನನಗೆ ಇನ್ನೇನು ಬೇಕು.

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಇಲ್ಲ ಎನ್ನುತ್ತಾನೆ, ಆಮೇಲೆ ಎಚ್ಚರವಾಗುತ್ತಾನೆ. ಅದರ ಬದಲು ಟ್ರ್ಯಾಕ್ಟರಿನ ಮೇಲೆಯೇ ಅವನನ್ನು ಹಿಡಿಯಬೇಕು ಎಂದುಕೊಂಡೆ. ಗದ್ದೆಯನ್ನೂ ಉಳುವ, ತೋಟದಲ್ಲೂ ತಿರುಗುವ ಟ್ರ್ಯಾಕ್ಟರ್ ಯಾವುದೆಂದು ನಾನೇ ಲೆಕ್ಕ ಹಾಕಿ ಎದುರಿಗಿಟ್ಟರೆ, ಸಣ್ಣದೇ ಬೇಕು ಎನ್ನಲು ಅವನು ಕಾರಣ ಹೇಳಲೇಬೇಕಾಗುತ್ತದೆ.

ಹಾಗೆ ಶುರುವಾಯಿತು ನನ್ನ ಅಳತೆ. ಶೋರೂಮಿನಿಂದ ತಂದ ಕಾಗದದಲ್ಲಿ ಒಂದೊಂದು ಟ್ರ್ಯಾಕ್ಟರಿನ ಅಗಲ ಕೊಟ್ಟಿದ್ದರು. ಅಷ್ಟೇ ಉದ್ದದ ಬಿದಿರಿನ ಕೋಲು ಕಡಿದು, ಅದನ್ನು ಎದೆಗೆ ಅಡ್ಡ ಹಿಡಿದುಕೊಂಡು ಅಡಿಕೆ ಸಾಲುಗಳ ನಡುವೆ ನಾನೇ ಟ್ರ್ಯಾಕ್ಟರಿನ ಹಾಗೆ ನಡೆದೆ. ನೇರ ಹೋಗುವುದು ದೊಡ್ಡ ವಿಷಯವಲ್ಲ, ಸಾಲಿನ ಕೊನೆಯಲ್ಲಿ ತಿರುಗುವುದೇ ಕಷ್ಟ. ಎರಡು ಸಾಲಿಗೊಂದು ನೀರು ಹೋಗುವ ಕಣಿ ಬೇರೆ. ತಿರುಗುವಾಗ ಕೋಲು ಮರಕ್ಕೆ ತಾಗಿತೋ ಇಲ್ಲವೋ ಎಂದು ನೋಡಿ, ಹಿಂದೆ ಬಂದು, ಇನ್ನೊಮ್ಮೆ ತಿರುಗಿದೆ. ತಮ್ಮನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನಾನು ನೋಡಿದ ಕೂಡಲೇ ಕಿಟಕಿಯಿಂದ ಸರಿದಳು. ಅದನ್ನೂ ನಾನು ಲೆಕ್ಕಕ್ಕೆ ಸೇರಿಸಿದೆ.

ಕೋಲು ಹೇಳಿದ ಪ್ರಕಾರ ಇಪ್ಪತ್ತನಾಲ್ಕು ಹೆಚ್‌ಪಿಯದ್ದು ನಮ್ಮ ತೋಟದಲ್ಲಿ ಹೇಗಾದರೂ ತಿರುಗುತ್ತದೆ. ಅದಕ್ಕಿಂತ ದೊಡ್ಡದು ಸಿಕ್ಕಿಬೀಳುತ್ತದೆ. ಇನ್ನು ಉಳಿದದ್ದು ಗದ್ದೆಯ ಪ್ರಶ್ನೆ. ಅದಕ್ಕೆ ಮೂಡುಬಿದಿರೆಗೆ ಹೋಗಬೇಕಿತ್ತು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಲ್ಫಿನಿಂದ ವಾಪಸು ಬಂದು ಟ್ರ್ಯಾಕ್ಟರಿನ ಬಿಡಿಭಾಗ, ಟ್ರೈಲರು, ಮಣ್ಣು ಮಗುಚಿ ಪುಡಿಮಾಡುವ ಹಳೆಯ ರೋಟವೇಟರುಗಳ ವ್ಯಾಪಾರ ಇಟ್ಟಿದ್ದ. ಬ್ಯಾರಿ ಮನೆತನದವನು, ಮಾತಿನಲ್ಲಿ ಗಟ್ಟಿ, ಜ್ಯಾಮಿತಿಯಲ್ಲಿ ಆಗ ಸ್ವಲ್ಪ ಹಿಂದೆ.

ಹೋದದ್ದು ಕೆಡ್ಡಸದ ಮೊದಲ ದಿನ. ನಮ್ಮ ಕಡೆ ಪೊನ್ನಿ ತಿಂಗಳ ಕೊನೆಯಲ್ಲಿ, ಫೆಬ್ರವರಿಯ ಹೊತ್ತಿಗೆ, ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ಆ ದಿನಗಳಲ್ಲಿ ನೆಲಕ್ಕೆ ಹಾರೆ ಹಾಕುವುದಿಲ್ಲ, ಉಳುವುದಿಲ್ಲ, ಒಂದು ಗೂಟ ಸಹ ಹೊಡೆಯುವುದಿಲ್ಲ. ಬಸದಿಗೆ ನಡೆದುಕೊಳ್ಳುವ ನಮ್ಮ ಮನೆಯಲ್ಲೂ ಇದು ತಪ್ಪಿದ್ದಿಲ್ಲ. ಮಣ್ಣಿನ ಕೆಲಸ ಇಲ್ಲದ ದಿನವಾದ್ದರಿಂದ ನನಗೆ ಪುರುಸೊತ್ತಿತ್ತು. ಮೂಡುಬಿದಿರೆಗೆ ಹೋಗಿ ಸಂಜೆಗೆ ಬರುತ್ತೇನೆ ಎಂದಾಗ ತಮ್ಮ, “ನಿಧಾನ ಬಾ ಅಕ್ಕ, ಅರ್ಜೆಂಟು ಎಂಥ ಉಂಟು” ಎಂದ. ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ನನಗೆ ಚುಚ್ಚತೊಡಗಿತು.

ಹಳೆಯ ವಿದ್ಯಾರ್ಥಿ ಕುರ್ಚಿ ಒರೆಸಿ ಕೂರಿಸಿದ. ವಿಷಯ ಕೇಳಿ ಹೇಳಿದ, “ಟೀಚರೇ, ತೋಟಕ್ಕೆ ಮಾತ್ರ ಆದ್ರೆ ಹದಿನೆಂಟು ಸಾಕು. ಸ್ಪ್ರೇ ಮಾಡ್ಲಿಕ್ಕೆ, ಗೊಬ್ಬರ ಸಾಗಿಸ್ಲಿಕ್ಕೆ ಅದು ಬೆಣ್ಣೆ. ಆದ್ರೆ ನಿಮ್ಮ ಗದ್ದೆ ತೋಡಿನ ಬದಿಯದ್ದಲ್ವಾ? ಅಲ್ಲಿ ಕೆಸರು ಆಳ ಉಂಟು. ರೋಟವೇಟರ್ ಕೆಸರಿಗೆ ಇಳಿದ್ರೆ ಹದಿನೆಂಟು ಉಸಿರು ಕಟ್ತದೆ. ಮೂವತ್ತರದ್ದು ತಂದ್ರೆ ಅದರ ಭಾರಕ್ಕೆ ಅದೇ ಹೂತುಹೋಗ್ತದೆ. ಇಪ್ಪತ್ತನಾಲ್ಕು ತೆಗೊಳ್ಳಿ, ಫೋರ್ ವೀಲ್. ಎರಡೂ ಕಡೆಗೆ ಆಗ್ತದೆ.”

ನನ್ನ ಕೋಲಿನ ಲೆಕ್ಕವೂ ಇವನ ಮಾತೂ ತಾಳೆಯಾದದ್ದು ನೋಡಿ ಖುಷಿಪಡಬೇಕಿತ್ತು. ಆದರೆ ಅಂಗಡಿಯ ಮೂಲೆಯಲ್ಲಿ ಇಪ್ಪತ್ತನಾಲ್ಕಕ್ಕೆ ಸರಿಹೊಂದುವ ಹಳೆಯ ರೋಟವೇಟರ್ ಒಂದು ಹೊಸ ಬಣ್ಣ ಬಳಿಸಿಕೊಂಡು ನಿಂತಿತ್ತು. “ಅದನ್ನು ಮಾರ್ಲಿಕ್ಕೆ ಹೇಳುದಲ್ಲ ತಾನೆ ನೀನು?” ಎಂದು ಕೇಳಿದೆ.

ಅವನು ಹೊಟ್ಟೆ ಹಿಡಿದು ನಕ್ಕ. “ನೀವು ಒಂಚೂರೂ ಬದಲಾಗಲಿಲ್ಲ ಮಾರಾಯ್ರೆ. ಅದು ಬೇರೆಯವರಿಗೆ ಹೋಗುದು.” ಆಮೇಲೆ ಚಹಾ ಗ್ಲಾಸು ಕೆಳಗಿಡುತ್ತ, ಏನೂ ವಿಶೇಷವಿಲ್ಲದವನ ಹಾಗೆ ಹೇಳಿದ, “ನಿಮ್ಮ ತಮ್ಮನಿಗೂ ಇದನ್ನೇ ಹೇಳಿದೆ. ಅವರು ಕೇಳಲಿಲ್ಲ. ಹದಿನೆಂಟಕ್ಕೆ ಆಗುವ ಸಣ್ಣ ಟ್ರೈಲರ್ ಒಂದು ಮಾಡ್ಲಿಕ್ಕೆ ಹೇಳಿ ಹೋಗಿದ್ದಾರೆ. ಗದ್ದೆ ಇನ್ನು ನನ್ನ ಲೆಕ್ಕಕ್ಕೆ ಇಲ್ಲ ಅಂದ್ರು.”

ಗದ್ದೆ ಇನ್ನು ಲೆಕ್ಕಕ್ಕೆ ಇಲ್ಲ. ತಮ್ಮನ ಬಾಯಿಂದಲೇ ಬಂದ ಮಾತು, ಸಾಕ್ಷಿ ಸಮೇತ. ಸಂಶಯ ನಿಜವಾದಾಗ ನನಗೆ ಯಾವಾಗಲೂ ಒಳಗೊಳಗೇ ಒಂದು ಗೆದ್ದ ಭಾವ ಬರುವುದುಂಟು, ತೂಕದಲ್ಲಿ ಕಮ್ಮಿ ಬಂದ ಸಕ್ಕರೆಯನ್ನು ವಾಪಸು ಕೊಂಡುಹೋಗುವಾಗಿನದ್ದು. ಆ ದಿನವೂ ಬಂತು. ಬಸ್ಸು ಮೂಡುಬಿದಿರೆ ದಾಟುವವರೆಗೂ ಇತ್ತು. ಆಮೇಲೆ ಬರೀ ಹೊಟ್ಟೆ ಉರಿ ಉಳಿಯಿತು. ಮಾರುವುದೇ ಆದರೆ ನನ್ನ ಸಹಿ ಬೇಕು, ಕೊಡುವುದಿಲ್ಲ, ಏನು ಮಾಡುತ್ತಾರೆ ನೋಡುತ್ತೇನೆ ಎಂದು ಬಸ್ಸಿನ ಕಂಬಿ ಗಟ್ಟಿ ಹಿಡಿದು ಕೂತಿದ್ದೆ.

ಮನೆ ಮುಟ್ಟಿದಾಗ ಇಬ್ಬರೂ ಜಗಲಿಯಲ್ಲಿದ್ದರು. “ನಾಳೆ ಡೆಮೊಕ್ಕೆ ಟ್ರ್ಯಾಕ್ಟರ್ ತರ್ತಾರೆ ಅಕ್ಕ” ಎಂದ ತಮ್ಮ.

“ನಾಳೆಯಾ? ಕೆಡ್ಡಸದಲ್ಲಿ?”

“ಮಣ್ಣಿಗೆ ಇಳಿಸುದಿಲ್ಲ ಅಲ್ವಾ. ಸುಮ್ಮನೆ ಓಡಿಸಿ ನೋಡುವ.”

ನಾನು ಒಳಗೆ ಹೋಗುತ್ತ ಲೆಕ್ಕ ಮುಗಿಸಿದೆ. ಬೇರೆ ದಿನ ಬಂದರೆ ನಾನು ರೋಟವೇಟರನ್ನು ಗದ್ದೆಗೆ ಇಳಿಸು ಎನ್ನುತ್ತಿದ್ದೆ, ಸಣ್ಣದರ ಬಂಡವಾಳ ಬಯಲಾಗುತ್ತಿತ್ತು. ಕೆಡ್ಡಸದಲ್ಲಿ ನಾನೇ ಬೇಡ ಎನ್ನುತ್ತೇನೆಂದು ಇವನಿಗೆ ಗೊತ್ತು. ಭೂಮಿತಾಯಿಯನ್ನೂ ಇವನು ತನ್ನ ಕಡೆಗೆ ಸೇರಿಸಿಕೊಂಡಿದ್ದಾನೆ.

ಮರುದಿನ ಬೆಳಿಗ್ಗೆ ಪಿಕಪ್ಪಿನಿಂದ ಟ್ರ್ಯಾಕ್ಟರ್ ಇಳಿಯಿತು. ಬಂದವನು ಅದೇ ಸೇಲ್ಸಿನವನು. ನಾನು ಬಾಯಿ ತೆರೆಯುವ ಮೊದಲೇ, “ಗೊತ್ತುಂಟು ಮೇಡಂ, ನಮ್ಮ ಮನೆಯಲ್ಲೂ ಕೆಡ್ಡಸ ಉಂಟು. ಬ್ಲೇಡು ನೆಲಕ್ಕೆ ತಾಗಿಸುದಿಲ್ಲ. ದಿನ ಅಣ್ಣನೇ ಹೇಳಿದ್ದು” ಎಂದ. ಅಣ್ಣ ಎಂದರೆ ನನ್ನ ತಮ್ಮ, ಕೇಳದವನ ಹಾಗೆ ಸೀಟು ಹತ್ತಿ ಕೂತ. ಕೂತ ರೀತಿ ನೋಡಿದರೆ ಅವನು ಅದರಲ್ಲಿ ಕೂತದ್ದು ಮೊದಲ ಸಲವಲ್ಲ.

ಟ್ರ್ಯಾಕ್ಟರ್ ಸಾಲಿನೊಳಗೆ ಹೋಯಿತು. ಸೇಲ್ಸಿನವನು ಮುಂದಿನಿಂದ ದಾರಿ ತೋರಿಸುತ್ತಿದ್ದ, ನಾನು ಹಿಂದೆ. ತೋಟದ ಮಟ್ಟಿಗೆ ಅದು ಸೊಗಸಾಗಿಯೇ ಇತ್ತು, ಒಪ್ಪಿಕೊಳ್ಳಬೇಕು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೊರಳುವಾಗ ಮಡಗಾರ್ಡು ಮರಕ್ಕೆ ತಾಗುತ್ತದೋ ಎಂದು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಆಗ ಆ ಮರದ ಕಾಂಡದಲ್ಲಿ, ನನ್ನ ಎದೆಯ ಎತ್ತರಕ್ಕೆ, ಒಂದು ಕೆಂಪು ಗುರುತು ಕಂಡಿತು. ಹಸಿ ಪೈಂಟು. ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟಿತು.

ರೋಗದ ಮರಕ್ಕೆ ಗುರುತು ಹಾಕಿರಬೇಕು ಎಂದುಕೊಂಡೆ. ಮೇಲೆ ನೋಡಿದರೆ ಸೋಗೆ ಹಚ್ಚಹಸಿರು. ಕೆಳಗಿನ ಸಾಲಿನಲ್ಲಿ ಇನ್ನೊಂದು ಗುರುತು, ಅದರ ಕೆಳಗೆ ಮತ್ತೊಂದು. ಒಂದೇ ನೇರ. ಟ್ರ್ಯಾಕ್ಟರನ್ನು ಅದರ ಪಾಡಿಗೆ ಬಿಟ್ಟು ನಾನು ಗುರುತುಗಳ ಹಿಂದೆ ಹೋದೆ. ಕೆಳಗೆ ಹೋಗುತ್ತ ಹೋಗುತ್ತ ಅವು ಗದ್ದೆಯ ಬದುವಿನ ಹತ್ತಿರದ ಕಲ್ಲಿಗೆ ಮುಟ್ಟಿ, ಅಲ್ಲಿಂದ ಬದುವಿನ ಉದ್ದಕ್ಕೆ ತಿರುಗಿದ್ದವು. ಸರಿ, ಗದ್ದೆಗೇ ಬಂತಲ್ಲ ಎಂದು ಹಲ್ಲು ಕಚ್ಚಿದೆ. ಆದರೆ ಗದ್ದೆ ಮಾರುವುದಾದರೆ ಬದುವಿನಲ್ಲಿ ಗುರುತು ಹಾಕಿದರೆ ಆಯಿತು, ತೋಟದ ನಡುವೆ ಯಾಕೆ? ವಾಪಸು ಮೇಲೆ ಹತ್ತಿದೆ. ಮೇಲಕ್ಕೂ ಗೆರೆ ಹೋಗಿತ್ತು. ತೋಟ ಸೀಳಿಕೊಂಡು, ಅಂಗಳದ ಮುರಕಲ್ಲಿನ ಗೋಡೆಯ ಮೇಲೊಂದು ಅಡ್ಡಗೆರೆ ಬಿಟ್ಟು, ಮನೆಯ ಪಕ್ಕದಿಂದ ಹಾದು ಗುಡ್ಡೆಯ ಬುಡದವರೆಗೆ.

ಇದು ಜಾಗ ಅಳೆದ ಗೆರೆ. ಮಾಮೂಲು ದಿನವಾಗಿದ್ದರೆ ಸರ್ವೆಯವರು ಮರದ ಗೂಟ ಹೊಡೆದು ಹೋಗುತ್ತಿದ್ದರು. ಒಣ ಸೋಗೆಯ ಅಡಿಯಲ್ಲಿ ಅದು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಮಳೆಗಾಲ ಬರುತ್ತಿತ್ತು. ಕೆಡ್ಡಸದಲ್ಲಿ ನೆಲಕ್ಕೆ ನೋವು ಮಾಡಬಾರದೆಂದು ನನ್ನ ತಮ್ಮ, ಮರಗಳಿಗೆ ಬಣ್ಣ ಹಚ್ಚಿಸಿದ್ದ. ಕದ್ದು ಅಳೆಯಲು ಹೊರಟವನಿಗೂ ಅಷ್ಟು ಭಯಭಕ್ತಿ ಇತ್ತು.

“ನಿಲ್ಲಿಸು” ಎಂದೆ. ಇಂಜಿನಿನ ಸದ್ದಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಕೈ ಅಡ್ಡ ಹಿಡಿದೆ. ಅವನು ಆಫ್ ಮಾಡಿದ. ನನ್ನ ಬೆರಳಿನ ಕೆಂಪು ತೋರಿಸಿ ಕೇಳಿದೆ, “ಗದ್ದೆ ಯಾರಿಗೆ ಮಾರುದು?”

ಸೇಲ್ಸಿನವನು ಫೋನು ಬಂದವನ ಹಾಗೆ ದೂರ ಹೋದ. ತಮ್ಮ ಸೀಟಿನಿಂದ ಇಳಿಯಲಿಲ್ಲ.

“ಗದ್ದೆ ಮಾರುದಾ? ಯಾರು ಹೇಳಿದ್ದು?” ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು, ಕಿವಿ ಕೆಂಪಾಗಿರಲಿಲ್ಲ. “ಗದ್ದೆ ಪೂರಾ ನಿನ್ನ ಬದಿಗೆ ಉಂಟಲ್ಲ ಅಕ್ಕ.”

“ನನ್ನ ಬದಿ ಅಂದ್ರೆ ಎಂಥದು?”

ಅವನು ಸ್ಟೇರಿಂಗಿನ ಮೇಲೆ ಕೈಯಾಡಿಸುತ್ತ ಕೂತ. ಕೊನೆಗೆ ಹೇಳಿದ, “ಸರ್ವೆಯವರು ನಿನ್ನೆ ಬಂದಿದ್ರು. ಹೇಳುವ ಅಂತಲೇ ಇದ್ದೆ. ಗದ್ದೆ, ಮನೆ, ಮನೆಯ ಎದುರಿನ ಒಂದು ಎಕ್ರೆ ತೋಟ ನಿನಗೆ. ಈಚೆ ಬದಿಯ ತೋಟ, ಗುಡ್ಡೆ ನಮಗೆ. ನಿನಗೂ ಎರಡೂವರೆ, ನಮಗೂ ಎರಡೂವರೆ. ಒಳ್ಳೆಯದನ್ನೆಲ್ಲ ನಾನು ಇಟ್ಟುಕೊಳ್ಳಲಿಲ್ಲ. ಬೇಕಾದರೆ ನೀನೇ ಅಳೆದು ನೋಡು.”

ಐದರಲ್ಲಿ ಅರ್ಧ ಎರಡೂವರೆ. ಪ್ರೈಮರಿ ಮಕ್ಕಳಿಗೆ ಹೊಳೆಯುವ ಲೆಕ್ಕ. ಅದೊಂದು ಬಿಟ್ಟು ಉಳಿದ ಲೆಕ್ಕವನ್ನೆಲ್ಲ ನಾನು ಮಾಡಿದ್ದೆ. ಗದ್ದೆ ಹೋಗುತ್ತದೆಂದು ಕಾದು ಕೂತಿದ್ದೆ. ಗದ್ದೆಯ ಒಂದು ಹಿಡಿ ಮಣ್ಣೂ ಹೋಗಿರಲಿಲ್ಲ. ಅದರ ಜೊತೆಗೆ ನನ್ನನ್ನು ಆಚೆ ಬದಿಗೆ ಇಟ್ಟು ಗೆರೆ ಎಳೆದಿದ್ದರು.

“ಮನೆ ನನಗಾದ್ರೆ ನೀವು ಎಲ್ಲಿಗೆ?”

“ಗುಡ್ಡೆಯಲ್ಲಿ ಸಣ್ಣದೊಂದು ಕಟ್ಟುವ ಅಂತ. ಅಲ್ಲಿವರೆಗೆ ಪೊಳಲಿಗೆ. ಇವಳ ಸಾಮಾನು ಅಷ್ಟಷ್ಟೇ ಅಲ್ಲಿಗೆ ಮುಟ್ಟಿಸಿ ಆಯ್ತು.”

“ಯಾಕೆ?”

“ಬೇಡ ಅಕ್ಕ. ಬೇಜಾರು ಮಾಡ್ತೀ.”

“ಹೇಳು.”

ಅವನು ನನ್ನನ್ನು ನೋಡದೆ ಹೇಳಿದ, “ಇವಳು ಪೇಟೆಯಿಂದ ಬಂದ್ರೆ ಚೀಲವನ್ನು ಸೀದಾ ಒಳಗೆ ತೆಗೊಂಡು ಹೋಗುದಿಲ್ಲ. ಜಗಲಿಯಲ್ಲಿ ಒಂದೊಂದೇ ತೆಗೆದು ಇಡ್ತಾಳೆ, ನಿನಗೆ ಕಾಣುವ ಹಾಗೆ. ನೀನು ಕೇಳುದಿಲ್ಲ, ಗೊತ್ತುಂಟು. ಆದರೂ ಇಡ್ತಾಳೆ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಇದು ತನ್ನ ಮನೆ ಅಂತ ಅವಳಿಗೆ ಇನ್ನೂ ಆಗಲಿಲ್ಲ. ನನಗೂ ಹಾಗೆ. ನಿನ್ನ ಹತ್ತಿರ ಒಂದು ಮಾತು ಹೇಳ್ಬೇಕಾದ್ರೆ ಮೊದಲು ದನದ ಹಟ್ಟಿಯ ಹಿಂದೆ ಹೋಗಿ ಬಾಯಿಪಾಠ ಮಾಡಿ ಬರ್ತೇನೆ.”

“ನಾನಿಲ್ಲದ ದಿನ ನೋಡಿ ಸರ್ವೆ ಮಾಡಿಸಿದವನು ನೀನು” ಎಂದೆ. “ಮತ್ತೆ ಸಂಶಯಪಟ್ಟದ್ದು ನನ್ನ ತಪ್ಪಾ?”

“ನೀನಿದ್ದಿದ್ರೆ ಅಳೆಯಲಿಕ್ಕೆ ಬಿಡ್ತಿದ್ದೀಯಾ?”

ಬಿಡುತ್ತಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತಿಳಿಯದೆ ಎರಡನ್ನೂ ನುಂಗಿದೆ. ಮೇಲೆ ಜಗಲಿಯ ಕಂಬದ ಹತ್ತಿರ ಅವನ ಹೆಂಡತಿ ನಿಂತಿದ್ದಳು. ಕೆಡ್ಡಸಕ್ಕೆಂದು ಮಾಡುವ, ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ತಿಂಡಿಯ ಬಟ್ಟಲು ಕೈಯಲ್ಲಿತ್ತು. ಕೆಳಗೆ ಬರುವುದೋ ಬೇಡವೋ ಎಂದು ಗೊತ್ತಾಗದೆ ನಿಂತವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವಳು ನನ್ನ ಮುಖವನ್ನು ನೋಡುತ್ತಿದ್ದದ್ದೇ ಹಾಗೆ. ನಾನು ಅದನ್ನು ಗೌರವ ಎಂದುಕೊಂಡಿದ್ದೆ.

ಇಷ್ಟರಲ್ಲಿ ಸೇಲ್ಸಿನವನಿಗೆ ಫೋನಿನಲ್ಲಿ ಮಾತಾಡುವ ನಾಟಕ ಸಾಕಾಯಿತು. ಹತ್ತಿರ ಬಂದು ಮೆಲ್ಲಗೆ ಕೇಳಿದ, “ಹೇಗೆ ಮೇಡಂ, ಇದೇ ಮಾಡುವನಾ? ಅಲ್ಲ ನಿಮಗೆ ಬೇಕಾದ್ರೆ ಇಪ್ಪತ್ತನಾಲ್ಕರದ್ದು ಸಹ ನೋಡಬಹುದು.”

ತಮ್ಮ ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತಿತ್ತು. ನಾನು ಇಪ್ಪತ್ತನಾಲ್ಕು ಎಂದರೆ ಅವನು ಆಗಲಿ ಎನ್ನುತ್ತಾನೆ. ಎದುರು ಮಾತಾಡುವ ಜಾಯಮಾನ ಅವನದ್ದಲ್ಲ, ಅದಕ್ಕೇ ಸರ್ವೆಯನ್ನು ಕದ್ದು ಮಾಡಿಸಿದ್ದು. ಇಪ್ಪತ್ತನಾಲ್ಕು ಬಂದರೆ ಅದು ಇಬ್ಬರದ್ದೂ ಆಗುತ್ತದೆ. ತೋಟಕ್ಕೂ ಅದೇ, ಗದ್ದೆಗೂ ಅದೇ, ಡ್ರೈವರು ಅವನೇ. ಪ್ರತಿ ಮಳೆಗಾಲ ಗೆರೆ ದಾಟಿ ಬರಲೇಬೇಕು. ಗುಡ್ಡೆಯ ಮನೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಮತ್ತೆ ಅದರ ಮುಂದಿನ ವರ್ಷಕ್ಕೆ. ಎರಡು ಮಳೆ ಬಿದ್ದರೆ ಮರದ ಮೇಲಿನ ಕೆಂಪೂ ತೊಳೆದುಹೋಗುತ್ತದೆ. ಸಂಜೆ ಮೂವರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಅವಳು ಜಗಲಿಯಲ್ಲಿ ಚೀಲ ಬಿಚ್ಚುತ್ತಾಳೆ.

ಅವರನ್ನು ಉಳಿಸಿಕೊಳ್ಳುವುದು ನನ್ನ ಒಂದು ಮಾತಿನಲ್ಲಿತ್ತು. ಉಳಿಸಿಕೊಳ್ಳಬೇಕೆಂಬ ಆಸೆ ಎಷ್ಟಿತ್ತೆಂದರೆ ಇಪ್ಪತ್ತನಾಲ್ಕು ಎಂಬ ಶಬ್ದ ನಾಲಗೆಯ ತುದಿಗೆ ಬಂದು ಕೂತಿತ್ತು.

“ತೋಟಕ್ಕೆ ಇದೇ ಸರಿ” ಎಂದೆ. “ಸಣ್ಣದೇ ತೆಗೊ.”

ತಮ್ಮ ಗದ್ದೆಯ ಕಡೆ ತಿರುಗಿ ನೋಡಿದ. “ಮತ್ತೆ ಗದ್ದೆಗೆ?” ಎಂದ.

“ಬಾಡಿಗೆಯವನಿದ್ದಾನಲ್ಲ.”

ಅವನು ಇನ್ನೂ ಏನೋ ಹೇಳಲು ಹೊರಟ. ನಾನು ಕೈಯಲ್ಲೇ ಬೇಡ ಎಂದೆ. ಸೇಲ್ಸಿನವನು, “ಒಂದು ರೌಂಡು ಹೊಡೆದು ತೋರಿಸಿ ಅಣ್ಣ, ಟರ್ನಿಂಗ್ ಹೇಗುಂಟು ಅಂತ ಮೇಡಂಗೆ ಗೊತ್ತಾಗಲಿ” ಎಂದ. ತಮ್ಮ ಇಂಜಿನು ಶುರು ಮಾಡಿದ. ನಾನು ಕೆಂಪು ಗುರುತಿನ ಮರಕ್ಕೆ ಕೈಯಾನಿಸಿ ನಿಂತು ನೋಡಿದೆ. ಸಾಲಿನ ಕೊನೆಯವರೆಗೆ ಹೋಗಿ, ಮುಂದಿನ ಗಾಲಿಗಳನ್ನು ಪೂರ್ತಿ ಹೊರಳಿಸಿ, ಒಂದು ಮರಕ್ಕೂ ತಾಗದೆ, ಹಿಂದೆ ಬರುವ ಅಗತ್ಯವೂ ಬೀಳದೆ ಅದು ಒಂದೇ ಸಲಕ್ಕೆ ತಿರುಗಿ ಬಂತು. ಎಷ್ಟು ಸಣ್ಣದಿತ್ತೆಂದರೆ ಇಡೀ ಸುತ್ತು ಗುರುತಿನ ಆಚೆಗೇ ಮುಗಿಯಿತು. ನನ್ನ ಬದಿಗೆ ಒಂದು ಗಾಲಿಯೂ ಬರಬೇಕಾಗಲಿಲ್ಲ.